ಮೈದನಹಳ್ಳಿಯ ಜಿಂಕೆಗಳಿಗೆ ಬೆಳೆ ಬಿತ್ತಬೇಡಿ, ಹುಲ್ಲು ಉಳಿಸಿಕೊಡಿ: ಒಂದು ಬಹಿರಂಗ ಪತ್ರ

ತುಮಕೂರು ಜಿಲ್ಲೆಯ ಅರಣ್ಯ ಅಧಿಕಾರಿಗಳಿಗೆ, ನಮ್ಮ ಸುತ್ತಲಿನ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಶನಿವಾರ ಭಾನುವಾರ ಜಿಂಕೆ ನೋಡಲು ಬೆಂಗಳೂರಿನಿಂದ ಬರುವ ಗೆಳೆಯರಿಗೆ,

ಎಲ್ಲರಿಗೂ ನಮಸ್ಕಾರ.

ನಾನು ಮಧುಗಿರಿ ತಾಲ್ಲೂಕಿನ ಒಬ್ಬ ಸಣ್ಣ ರೈತ. ಮೂರು ಎಕರೆ ಖುಷ್ಕಿ ಜಮೀನು. ಮಳೆ ಚೆನ್ನಾಗಿ ಹಿಡಿದ ವರ್ಷ ಕಡ್ಲೆಕಾಯಿ, ಇಲ್ಲದಿದ್ದರೆ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹುಚ್ಚೆಳ್ಳು. ನಮ್ಮ ಹೊಲದ ಬಡಗಣ ಬದುವಿನ ಮೇಲೆ ನಿಂತರೆ ಮೈದನಹಳ್ಳಿಯ ಹುಲ್ಲುಗಾವಲು ಕಾಣುತ್ತದೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ. 798 ಎಕರೆ. 2007ರಲ್ಲಿ ಘೋಷಣೆ ಆಯಿತು. ನಮಗೆ ಮಾತ್ರ ಅದು ಅಂದಿಗೂ ಇಂದಿಗೂ ಜಿಂಕೆ ಬಯಲು. ಕರ್ನಾಟಕದಲ್ಲಿ ರಾಣೆಬೆನ್ನೂರು ಬಿಟ್ಟರೆ ಇಷ್ಟೊಂದು ಕೃಷ್ಣಮೃಗ ಒಂದೇ ಕಡೆ ಇರುವುದು ಇಲ್ಲೇ. ಹಾಗಂತ ಓದಿದಾಗ ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ, ಮನೆಯವರಿಗೆಲ್ಲ ಕೂರಿಸಿಕೊಂಡು ಓದಿ ಹೇಳಿದೆ.

ಈ ಪತ್ರ ಬರೆಯಲು ಕಾರಣ ಇದೆ. ಈಚೆಗೆ ನಮ್ಮ ಕಡೆ ಒಂದು ಮಾತು ಓಡಾಡುತ್ತಿದೆ. ಬೇಸಿಗೆಯಲ್ಲಿ ಜಿಂಕೆಗಳಿಗೆ ಮೇವಿಲ್ಲ, ಹೊಲಕ್ಕೆ ನುಗ್ಗುತ್ತವೆ. ಅದಕ್ಕೆ ಬಯಲಿನಲ್ಲೇ ಹತ್ತಿಪ್ಪತ್ತು ಎಕರೆ ಉತ್ತು ಅಲಸಂದೆ, ಮೇವಿನ ಜೋಳ, ಸೀಮೆಹುಲ್ಲು ಹಾಕಿಬಿಡೋಣ, ಒಂದು ಬೋರ್ ಕೊರೆಸೋಣ ಅನ್ನುವುದು ಆ ಮಾತು. ಹೇಳುತ್ತಿರುವವರು ಒಳ್ಳೆಯ ಹುಡುಗರು. ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿದ್ದಾರೆ. ಅಲ್ಲಿ ಜಿಂಕೆಗೆ ಅಂತಲೇ ಹೊಲ ಬಿತ್ತುತ್ತಾರೆ, ಜಿಂಕೆಗಳು ಸಾಲಾಗಿ ಬಂದು ಮೇಯುತ್ತವೆ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ನನಗೂ ಆಗಿತ್ತು. ಆ ಆಸೆಯಲ್ಲಿ ನಾನೇ ಒಂದು ಸಲ ಹಾಗೆ ಮಾಡಿದೆ. ಏನಾಯಿತು ಅಂತ ಹೇಳಿದರೆ ಮುಂದಿನ ಮಾತಿಗೆ ದಾರಿ ಆಗುತ್ತದೆ.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಹಸ್ತ, ಚಿತ್ತೆ ಮಳೆ ಸುಮಾರಾಗಿ ಬಂತು. ಬಯಲಿಗೆ ತಾಗಿದ ನನ್ನ ಇಪ್ಪತ್ತೈದು ಗುಂಟೆ ಜಾಗ ಸುಮ್ನೆ ಬಿದ್ದಿತ್ತು. ಕಲ್ಲು ಜಾಸ್ತಿ, ಕಡ್ಲೆಕಾಯಿ ಕೀಳಲು ಬರುವುದಿಲ್ಲ. ಅದನ್ನೇ ಎರಡು ಸಲ ಉಳುಮೆ ಮಾಡಿಸಿ ಹುರುಳಿ, ಅಲಸಂದೆ ಎರಚಿದೆ. ಜಿಂಕೆ ತಿನ್ನಲಿ ಅಂತಲೇ. ಇಪ್ಪತ್ತು ದಿನಕ್ಕೆ ಹಸಿರು ಕಂಡಿತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಹದಿನೇಳು ಜಿಂಕೆ. ಒಂದು ಕಪ್ಪು ಗಂಡು, ಉಳಿದವೆಲ್ಲ ಹೆಣ್ಣು, ಮರಿ. ಬಿಸಿಲು ಇನ್ನೂ ಏರಿರಲಿಲ್ಲ. ಅಲಸಂದೆ ಎಲೆ ಕಿತ್ತಾಗ ಚಟಕ್ ಅನ್ನುವ ಸದ್ದು ಬದುವಿನ ತನಕ ಕೇಳಿಸುತ್ತಿತ್ತು. ಆ ದಿನ ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ.

ಹತ್ತು ದಿನದಲ್ಲಿ ಇಪ್ಪತ್ತೈದು ಗುಂಟೆ ಬೋಳಾಯಿತು. ಜಿಂಕೆಗಳು ಬರುವುದು ಮಾತ್ರ ನಿಲ್ಲಲಿಲ್ಲ. ಪ್ರತಿ ದಿನ ಅದೇ ಹೊತ್ತಿಗೆ ಬಂದವು. ನನ್ನ ಹೊಲದಲ್ಲಿ ಏನೂ ಸಿಗದೆ ಪಕ್ಕದ ಹೊಲಕ್ಕೆ ಇಳಿದವು. ಅಲ್ಲಿ ಹೂ ಕಟ್ಟಿದ ಕಡ್ಲೆಕಾಯಿ ಗಿಡ ಇತ್ತು. ಆ ಹೊಲದ ಅಕ್ಕ ಒಬ್ಬರೇ ದುಡಿಯುವವರು. ಬೀಜಕ್ಕೆ, ಗೊಬ್ಬರಕ್ಕೆ ಸಂಘದಲ್ಲಿ ಸಾಲ ಮಾಡಿದ್ದರು. ಮನೆ ಮುಂದೆ ಬಂದು ನಿಂತು, "ಏನಣ್ಣಾ, ದಾರಿ ತೋರಿಸಿಕೊಟ್ಟೆಯಲ್ಲಾ ಅವಕ್ಕೆ. ಇಷ್ಟು ವರ್ಷ ಒಂದೋ ಎರಡೋ ಬರ್ತಿದ್ವು, ಓಡಿಸ್ತಿದ್ದೆ. ಈಗ ಹಿಂಡೇ ಬರ್ತದೆ, ನಾನು ಒಬ್ಬಳು ಎಲ್ಲಿಂದ ಕಾಯಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಲ ಅವರ ಕಡ್ಲೆಕಾಯಿಯಲ್ಲಿ ಹಾಳಾದದ್ದಕ್ಕೆ ನಾನು ಎರಡು ಮೂಟೆ ಕೊಟ್ಟೆ. ತೆಗೆದುಕೊಂಡರು, ಆದರೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ಇನ್ನೊಂದು ಆಯಿತು, ಅದು ಇದಕ್ಕಿಂತ ಕೆಟ್ಟದ್ದು. ಜಿಂಕೆ ಪ್ರತಿ ದಿನ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಬರುತ್ತವೆ ಅನ್ನುವುದು ನನಗೆ ಗೊತ್ತಾದ ಹಾಗೆಯೇ ಊರ ನಾಯಿಗಳಿಗೂ ಗೊತ್ತಾಯಿತು. ಒಂದು ದಿನ ನಾಲ್ಕು ನಾಯಿ ಸೇರಿ ಒಂದು ಹೆಣ್ಣು ಜಿಂಕೆಯನ್ನು ಬೇಲಿಗೆ ಸಿಕ್ಕಿಸಿದವು. ಬಟಾಬಯಲಿನಲ್ಲಿ ಆಗಿದ್ದರೆ ಆ ನಾಯಿಗಳಿಗೆ ಅದರ ದೂಳು ಕೂಡ ಸಿಗುತ್ತಿರಲಿಲ್ಲ. ಗಂಟೆಗೆ ಎಂಬತ್ತು ಕಿಲೋಮೀಟರ್ ಓಡುವ ಪ್ರಾಣಿ ಅದು. ಹೊಲದ ಮುಳ್ಳುಬೇಲಿ, ಬದು, ಕಲ್ಲುಗುಡ್ಡೆ ನಡುವೆ ಅದಕ್ಕೆ ಓಟ ತೆಗೆಯಲು ಜಾಗ ಇರಲಿಲ್ಲ. ನಾನು ಹೋಗುವಷ್ಟರಲ್ಲಿ ಕಣ್ಣು ತೆರೆದೇ ಬಿದ್ದಿತ್ತು. ಬಾಯಲ್ಲಿ ಅಲಸಂದೆಯ ಒಂದು ಒಣ ಬಳ್ಳಿ.

ಅಂದಿನಿಂದ ಆ ಜಾಗಕ್ಕೆ ನೇಗಿಲು ಹಾಕಿಲ್ಲ.

ಅಮೆರಿಕದವರು ಮಾಡುವುದು ತಪ್ಪು ಅಂತ ಹೇಳುತ್ತಿಲ್ಲ. ಅವರ ಲೆಕ್ಕವೇ ಬೇರೆ. ಅಲ್ಲಿ ಜಿಂಕೆ ಬೇಟೆಗೆ ಕಾನೂನಿನ ಅನುಮತಿ ಇದೆ, ಕಾಲ ಗೊತ್ತುಮಾಡಿ ಲೈಸೆನ್ಸ್ ಕೊಡುತ್ತಾರೆ. ಬಿಳಿ ಬಾಲದ ಜಿಂಕೆ ತನ್ನ ಜಾಗಕ್ಕೆ ಬರಲಿ, ಮೈ ತುಂಬಿಕೊಳ್ಳಲಿ ಅಂತ ಬೇಟೆಗಾರರು ಕ್ಲೋವರ್, ಓಟ್ಸ್, ಟರ್ನಿಪ್, ಸೋಯಾ ಬಿತ್ತುತ್ತಾರೆ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುತ್ತಾರೆ. ಹಿಮ ಬೀಳುವ ಚಳಿಗಾಲಕ್ಕೆ ಅದು ಆಸರೆ. ಆ ಜಿಂಕೆ ಹುಲ್ಲು ಮೇಯುವುದು ಕಡಿಮೆ. ಎಲೆ, ಚಿಗುರು, ಕಾಯಿ ಆರಿಸಿಕೊಂಡು ತಿನ್ನುವ ಪ್ರಾಣಿ. ಅದಕ್ಕೆ ಕ್ಲೋವರ್ ಒಗ್ಗುತ್ತದೆ. ಅಲ್ಲಿಯೂ ಒಂದೇ ಕಡೆ ಕಾಳು ಸುರಿದು ಜಿಂಕೆ ಸೇರಿಸುವುದನ್ನು ಕೆಲವು ರಾಜ್ಯಗಳು ನಿಲ್ಲಿಸಿವೆ. ಮೂತಿಗೆ ಮೂತಿ ತಾಗಿಸಿ ತಿಂದರೆ ರೋಗ ಹರಡುತ್ತದೆ ಅನ್ನುವ ಭಯ.

ನಮ್ಮದು ಕೃಷ್ಣಮೃಗ. ನಾವು ಬಾಯಿ ಮಾತಿಗೆ ಜಿಂಕೆ ಅಂತೇವೆ, ಆದರೆ ಇದು ಜಿಂಕೆಯ ಕುಲ ಅಲ್ಲ, ಹುಲ್ಲೆಯ ಕುಲ. ಜಿಂಕೆಯ ಕೊಂಬು ವರ್ಷ ವರ್ಷ ಉದುರಿ ಬೆಳೆಯುತ್ತದೆ. ಇದರ ತಿರುಚಿದ ಕೊಂಬು ಬದುಕಿರುವ ತನಕ ಉದುರುವುದಿಲ್ಲ. ಹುಲ್ಲೆ ಅನ್ನುವ ಹಳೆಯ ಹೆಸರು ಹೇಳುವಾಗೆಲ್ಲ ನನಗೆ ಅದರಲ್ಲಿ ಹುಲ್ಲು ಕೇಳಿಸುತ್ತದೆ. ಇದರ ಊಟವೂ ಮುಖ್ಯವಾಗಿ ಹುಲ್ಲೇ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿರುವ ಪ್ರಾಣಿ, ಬೇಟೆಯ ಮಾತೇ ಇಲ್ಲ. ಕರೆಸಿಕೊಳ್ಳಲು ಬಿತ್ತುವ ಪದ್ಧತಿಯನ್ನು ತಂದು, ಕರೆಸಿಕೊಳ್ಳಲೇಬಾರದ ಪ್ರಾಣಿಯ ಮುಂದೆ ಹಾಕಿದರೆ ಏನಾಗುತ್ತದೆ ಅಂತ ನನ್ನ ಇಪ್ಪತ್ತೈದು ಗುಂಟೆಯಲ್ಲಿ ನೋಡಿದೆ.

ಹೊಟ್ಟೆಯ ವಿಷಯವನ್ನೂ ಹೇಳಬೇಕು. ಹಸು, ಕುರಿ ಸಾಕಿದವರಿಗೆ ಇದು ಹೊಸದಲ್ಲ. ಮೆಲುಕು ಹಾಕುವ ಪ್ರಾಣಿಗೆ ಅನ್ನ ಅರಗಿಸಿಕೊಡುವುದು ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮ ಜೀವಿಗಳು. ಹುಲ್ಲಿಗೆ ಒಂದು ಬಗೆಯವು, ಕಾಳಿಗೆ ಇನ್ನೊಂದು ಬಗೆಯವು. ಒಂದರಿಂದ ಇನ್ನೊಂದಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಕಟ್ಟಿದ ಹಸು ಬಿಚ್ಚಿಕೊಂಡು ರಾತ್ರಿ ರಾಗಿ ಮೂಟೆಗೆ ಬಾಯಿ ಹಾಕಿದರೆ ಬೆಳಿಗ್ಗೆ ಏನಾಗಿರುತ್ತದೆ? ಹೊಟ್ಟೆ ಉಬ್ಬಿ, ಹುಳಿ ತುಂಬಿ, ಕಾಲು ಚಾಚಿ ಬಿದ್ದಿರುತ್ತದೆ. ಹುಲ್ಲು ತಿಂದುಕೊಂಡಿದ್ದ ಜಿಂಕೆಗೆ ಒಂದು ಬುಟ್ಟಿ ಜೋಳ, ಮದುವೆ ಮನೆಯ ಮಿಕ್ಕಿದ ಅನ್ನ, ಮಾರುಕಟ್ಟೆಯ ಹಳಸಿದ ಟೊಮೆಟೊ ಸುರಿದರೂ ಅದೇ ಕಥೆ. ಹಸುವಿಗಾದರೆ ಪಶು ವೈದ್ಯರು ಬರುತ್ತಾರೆ, ಅಡುಗೆ ಸೋಡಾ ಕುಡಿಸುತ್ತೇವೆ. ಜಿಂಕೆ ಪೊದೆಯ ಮರೆಗೆ ಹೋಗಿ ಸಾಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ದಯವಿಟ್ಟು ಕಾರಿನ ಕಿಟಕಿಯಿಂದ ಏನನ್ನೂ ಎಸೆಯಬೇಡಿ, ಬಿಸ್ಕತ್ತೂ ಬೇಡ, ಕಲ್ಲಂಗಡಿ ಸಿಪ್ಪೆಯೂ ಬೇಡ.

ಹಾಗಾದರೆ ಜಿಂಕೆಗೆ ಏನು ಬೇಕು?

ನನ್ನ ಬದುವಿನ ಮೇಲೆ ಒಂದು ಹಳೆಯ ಎಲಚಿ ಗಿಡ ಇದೆ. ಅದರ ಬುಡದಲ್ಲಿ ಅಲ್ಲಾಡದೆ ಕೂತರೆ ಜಿಂಕೆಗಳು ಮೂವತ್ತು ನಲವತ್ತು ಮಾರು ಹತ್ತಿರಕ್ಕೆ ಬರುತ್ತವೆ. ಅವು ತಿನ್ನುವ ರೀತಿ ನೋಡಬೇಕು. ದೂರದಿಂದ ಎಲ್ಲವೂ ಒಂದೇ ಒಣ ಹುಲ್ಲು ಅನಿಸುತ್ತದೆ. ಜಿಂಕೆಗೆ ಹಾಗಲ್ಲ. ಒಂದು ಹುಲ್ಲಿನ ಪೊದೆ ಹತ್ತಿರ ನಿಲ್ಲುತ್ತದೆ. ಮೂತಿಯಿಂದ ಹೊರಗಿನ ಒಣ ಕಡ್ಡಿ ಪಕ್ಕಕ್ಕೆ ಸರಿಸುತ್ತದೆ. ಒಳಗೆ ಬುಡದಲ್ಲಿ ಎರಡು ಬೆರಳು ಉದ್ದದ ಹಸಿರು ಇರುತ್ತದೆ, ಅದನ್ನು ಮಾತ್ರ ಕಿತ್ತುಕೊಂಡು ಮುಂದಕ್ಕೆ ಹೋಗುತ್ತದೆ. ಹಂಚಿಕಡ್ಡಿ ಮುಟ್ಟುವುದಿಲ್ಲ. ಗರಿಕೆ ಸಿಕ್ಕರೆ ನಿಂತು ಬಿಡುತ್ತದೆ. ನಾಲ್ಕು ಬಾಯಿ ತಿಂದು ತಲೆ ಎತ್ತಿ ಸುತ್ತ ನೋಡುತ್ತದೆ, ಮತ್ತೆ ನಾಲ್ಕು ಬಾಯಿ. ತೋಳ ಇರುವ ಸೀಮೆ ಇದು. ಅದಕ್ಕೆ ಊಟದಷ್ಟೇ ಮುಖ್ಯ ದೂರದ ನೋಟ. ಮೊಣಕಾಲುದ್ದ ಹುಲ್ಲು, ಅದರಾಚೆ ಬಯಲು, ಬಯಲಿನಾಚೆ ಬಾನು. ಆಳೆತ್ತರ ಬೆಳೆದ ಸೀಮೆಹುಲ್ಲಿನ ಹೊಲಕ್ಕೆ ಧೈರ್ಯವಾಗಿ ಒಳಹೋಗುವ ಪ್ರಾಣಿ ಅಲ್ಲ ಇದು.

ಆದರೆ ಬಯಲೆಲ್ಲ ಕತ್ತರಿಸಿದ ಹಾಗೆ ಗಿಡ್ಡ ಇದ್ದರೂ ಆಗದು. ಎರಡು ವರ್ಷದ ಹಿಂದೆ ಕಾರ್ತಿಕ ಮಾಸದಲ್ಲಿ ನನ್ನ ಬದುವಿನ ಪಕ್ಕ ಹುಲ್ಲಿನ ಪೊದೆಯೊಂದರ ಬುಡದಲ್ಲಿ ಏನೋ ಕಂದು ಬಣ್ಣ ಕಂಡಿತು. ಕಲ್ಲು ಅಂದುಕೊಂಡೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದೆ. ಜಿಂಕೆ ಮರಿ. ಹುಟ್ಟಿ ಎರಡು ಮೂರು ದಿನ ಆಗಿರಬಹುದು. ಕುತ್ತಿಗೆ ನೆಲಕ್ಕೆ ಚಾಚಿ, ಕಿವಿ ಹಿಂದಕ್ಕೆ ಮಡಚಿ ಮಲಗಿತ್ತು. ಉಸಿರಿಗೆ ಪಕ್ಕೆ ಮಾತ್ರ ಮೆಲ್ಲಗೆ ಏರಿ ಇಳಿಯುತ್ತಿತ್ತು. ಮೂಗಿನ ಮೇಲೆ ಒಂದು ಇರುವೆ ಹರಿಯುತ್ತಿತ್ತು, ಆದರೂ ಮರಿ ಕದಲಲಿಲ್ಲ. ತಾಯಿ ದೂರದಲ್ಲಿ ಮೇಯುತ್ತಾ ಈ ಕಡೆಗೇ ಕಣ್ಣಿಟ್ಟಿತ್ತು. ತಾಯಿ ಮರಿಯನ್ನು ಹಾಗೆ ಬಚ್ಚಿಟ್ಟು ಮೇಯಲು ಹೋಗುತ್ತದೆ, ಹಾಲು ಕುಡಿಸಲು ವಾಪಸ್ಸು ಬರುತ್ತದೆ. "ಅಯ್ಯೋ, ಅನಾಥ ಮರಿ" ಅಂತ ಎತ್ತಿಕೊಂಡು ಬರುವವರಿಗೆ ಇದು ಗೊತ್ತಿರಬೇಕು. ನಾನು ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದೆ. ಅದೇ ಹುಲ್ಲಿನಲ್ಲಿ ಗೌಜುಗ ಮೊಟ್ಟೆ ಇಡುತ್ತದೆ, ಮೊಲ ಅಡಗುತ್ತದೆ.

ಗಿಡ್ಡ ಹುಲ್ಲೂ ಬೇಕು, ಎತ್ತರದ ಹುಲ್ಲೂ ಬೇಕು, ಅಲ್ಲೊಂದು ಇಲ್ಲೊಂದು ಎಲಚಿ, ಕಾರೆ ಪೊದೆಯೂ ಬೇಕು. ಈ ಬಯಲು ತಾನಾಗೇ ಕೊಡುತ್ತಿದ್ದದ್ದು ಇದನ್ನೇ. ಯಾರೂ ಉಳಬೇಕಾಗಿರಲಿಲ್ಲ. ಉತ್ತರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ವರ್ಷಾನುಗಟ್ಟಲೆ ಬೇರು ಬಿಟ್ಟ ಹುಲ್ಲಿನ ಪೊದೆ ಒಂದೇ ಸಾಲಿಗೆ ಕಿತ್ತು ಬರುತ್ತದೆ. ಸಡಿಲಾದ ಮಣ್ಣಿಗೆ ಮೊದಲು ಬರುವುದು ಗರಿಕೆ ಅಲ್ಲ, ಕಾಂಗ್ರೆಸ್ ಗಿಡ. ನನ್ನ ಇಪ್ಪತ್ತೈದು ಗುಂಟೆಯಲ್ಲಿ ಎರಡು ವರ್ಷ ಅದನ್ನು ಹೂ ಬಿಡುವ ಮೊದಲೇ ಕೈಯಲ್ಲಿ ಕಿತ್ತಿದ್ದೇ ಕೆಲಸ. ಮೂರನೇ ವರ್ಷ ಬದುವಿನ ಕಡೆಯಿಂದ ಹುಲ್ಲು ಮೆಲ್ಲಗೆ ಒಳಗೆ ನಡೆದುಕೊಂಡು ಬಂತು. ಈಗ ಅರ್ಧಕ್ಕಿಂತ ಜಾಸ್ತಿ ಹುಲ್ಲಾಗಿದೆ. ಜಿಂಕೆ ಬರುತ್ತವೆ, ಒಂದಷ್ಟು ಹೊತ್ತು ಮೇಯುತ್ತವೆ, ಬಯಲಿಗೆ ವಾಪಸ್ಸು ಹೋಗುತ್ತವೆ. ಪಕ್ಕದ ಹೊಲದ ಅಕ್ಕನೂ ಈಗ ಮಾತಾಡಿಸುತ್ತಾರೆ.

ಬಯಲಿನೊಳಗಿನ ದೊಡ್ಡ ತೊಂದರೆ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡವನ್ನು ಬ್ರಿಟಿಷರ ಕಾಲದಲ್ಲಿ, 1870ರ ದಶಕದಲ್ಲಿ, ಸೌದೆಗೆ ಆಗಲಿ ಅಂತ ನಮ್ಮ ದೇಶಕ್ಕೆ ತಂದರು. ಸೌದೆ ಕೊಟ್ಟಿತು, ಇಲ್ಲ ಅನ್ನುವುದಿಲ್ಲ. ಬರಗಾಲದಲ್ಲಿ ಇದರ ಇದ್ದಿಲು ಸುಟ್ಟು ಬದುಕಿದ ಮನೆಗಳು ನಮ್ಮಲ್ಲಿವೆ. ಆದರೆ ಇದರ ಕೆಳಗೆ ಹುಲ್ಲು ಬರುವುದಿಲ್ಲ. ಹರಡುವುದಕ್ಕೆ ಸ್ವತಃ ಜಿಂಕೆಯೇ ದಾರಿ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಜಿಂಕೆ ಇದರ ಸಿಹಿ ಕಾಯಿ ತಿನ್ನುತ್ತದೆ. ಗಂಡು ಜಿಂಕೆಗೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ತನ್ನ ಗಡಿ ಗುರುತು ಮಾಡುವ ಅಭ್ಯಾಸ ಇದೆ. ಅಂಥ ಒಂದು ಹಿಕ್ಕೆ ಗುಡ್ಡೆಯನ್ನು ಕಡ್ಡಿಯಿಂದ ಕೆದಕಿ ನೋಡಿದೆ. ಪುಡಿಯಾದ ಹಿಕ್ಕೆಯ ಒಳಗೆ ಜಾಲಿ ಬೀಜ, ಒಂದೂ ಮುರಿಯದೆ, ಹಾಗೇ ಹೊಳೆಯುತ್ತಿದ್ದವು. ಮಳೆ ಬಂದ ಮೇಲೆ ಅದೇ ಗುಡ್ಡೆಯ ಸುತ್ತ ಬೆರಳುದ್ದದ ಜಾಲಿ ಸಸಿ, ಎಣಿಸಿದರೆ ನಲವತ್ತರ ಮೇಲೆ. ಆಗ ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಬರುತ್ತದೆ. ಎರಡು ವರ್ಷ ಬಿಟ್ಟರೆ ಹಾರೆ ಬೇಕು, ಐದು ವರ್ಷ ಬಿಟ್ಟರೆ ಜೆಸಿಬಿ ಬೇಕು.

ಜಾಲಿಯನ್ನು ಬರೀ ಕಡಿದರೆ ಆಗುವುದಿಲ್ಲ ಅನ್ನುವುದು ನಮ್ಮೂರಿನ ಪ್ರತಿಯೊಬ್ಬರಿಗೂ ಗೊತ್ತು. ಒಂದು ಕಾಂಡ ಕಡಿದ ಕಡೆ ಏಳು ಚಿಗುರು ಬರುತ್ತದೆ. ಮಣ್ಣು ಬಿಡಿಸಿ, ಬುಡದ ಗಡ್ಡೆಯನ್ನೇ ತೆಗೆಯಬೇಕು. ಆ ಗುಂಡಿಗೆ ಅದೇ ವಾರ ಹುಲ್ಲಿನ ಬೀಜ ಬೀಳಬೇಕು, ಇಲ್ಲದಿದ್ದರೆ ಮತ್ತೆ ಜಾಲಿಯೋ ಕಾಂಗ್ರೆಸ್ಸೋ ಕೂರುತ್ತದೆ. ಇಡೀ ಬಯಲಿನ ಜಾಲಿಯನ್ನು ಒಂದೇ ಬೇಸಿಗೆಯಲ್ಲಿ ಕಿತ್ತೆಸೆಯಬೇಡಿ ಅನ್ನುವುದೂ ನನ್ನ ಮನವಿ. ಈಗಿನ ಜಿಂಕೆಗಳಿಗೆ ಏಪ್ರಿಲ್ ತಿಂಗಳಲ್ಲಿ ಆ ಕಾಯಿ ಒಂದು ಆಧಾರ. ಒಂದು ಪಾಲು ಕೀಳುವುದು, ಅಲ್ಲಿ ಹುಲ್ಲು ನಿಂತ ಮೇಲೆ ಇನ್ನೊಂದು ಪಾಲು.

ನೀಲಗಿರಿಯದ್ದು ಇನ್ನೊಂದು ಕಥೆ. ಬಯಲಿನ ಒಂದು ಭಾಗ ನೀಲಗಿರಿ ತೋಪು. ಹುಲ್ಲುಗಾವಲನ್ನು ಪಾಳು ಜಾಗ ಅಂದುಕೊಂಡ ಕಾಲದ ಕೆಲಸ ಅದು, ರಾಣೆಬೆನ್ನೂರಿನಲ್ಲೂ ಹಾಗೇ ಆಯಿತು. ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ಕಾಲಕ್ಕೆ ಮರ ನೆಡುವುದೇ ಪುಣ್ಯ ಅಂತ ನಾವೆಲ್ಲ ನಂಬಿದ್ದೆವು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸಬಾರದು ಅಂತ ಆದೇಶ ಮಾಡಿದೆ. ಹಳೆಯ ತೋಪನ್ನು ಕಡಿದಾಗ ಕೂಳೆ ಚಿಗುರಲು ಬಿಡದೆ, ಆ ಜಾಗವನ್ನು ಹುಲ್ಲಿಗೆ ವಾಪಸ್ಸು ಕೊಡಿ. ಅಲ್ಲಿ ಹೊಂಗೆ, ಬೇವು, ಹುಣಸೆ ನೆಡುವ ಯೋಚನೆಯೂ ಬೇಡ. ಅವು ನಮ್ಮ ಮರಗಳೇ, ನನಗೂ ಪ್ರೀತಿ. ರಸ್ತೆ ಬದಿ, ಶಾಲೆ ಅಂಗಳ, ಕೆರೆ ಏರಿಯ ಕೆಳಗೆ ಎಷ್ಟು ಬೇಕಾದರೂ ನೆಡೋಣ, ನಾನೂ ಗುಂಡಿ ತೋಡುತ್ತೇನೆ. ವನಮಹೋತ್ಸವಕ್ಕೆ ಜಾಗ ಹುಡುಕುವಾಗ ಜಿಂಕೆ ಬಯಲನ್ನು ಬಿಟ್ಟುಬಿಡಿ. ಹುಲ್ಲು ಇರುವ ಜಾಗ ಖಾಲಿ ಜಾಗ ಅಲ್ಲ.

ಇನ್ನು ಕುರಿಯ ಮಾತು. ಸಭೆಗಳಲ್ಲಿ ಬೇಗ ಬಿಸಿ ಏರುವುದು ಇಲ್ಲೇ. ಒಬ್ಬರು ಕುರಿ ಪೂರ್ತಿ ಓಡಿಸಿ ಅನ್ನುತ್ತಾರೆ, ಇನ್ನೊಬ್ಬರು ನಮ್ಮ ತಾತನ ಕಾಲದಿಂದ ಮೇಯಿಸಿದ್ದೇವೆ ಅನ್ನುತ್ತಾರೆ. ಮಧುಗಿರಿ, ಶಿರಾ, ಪಾವಗಡದ ಕಡೆ ಕುರಿ ಬಿಟ್ಟರೆ ಎಷ್ಟೋ ಮನೆಗಳಿಗೆ ಬೇರೆ ದಾರಿ ಇಲ್ಲ. ನಮ್ಮೂರಿನ ಒಬ್ಬ ಕುರಿ ತಾತ ಹೇಳಿದ ಮಾತು ನನಗೆ ಸರಿ ಕಂಡಿದೆ. "ಕುರಿ ಹಾದು ಹೋದ್ರೆ ಹುಲ್ಲು ಚಿಗುರ್ತದಪ್ಪ, ಕುರಿ ಕೂತ್ರೆ ಹುಲ್ಲು ಸಾಯ್ತದೆ." ಹಿಂದೆ ಕುರಿ ಹಾದು ಹೋಗುತ್ತಿತ್ತು, ಯಾಕೆಂದರೆ ಹೋಗಲು ಬೇರೆ ಜಾಗ ಇತ್ತು. ಪ್ರತಿ ಊರಿಗೂ ಗೋಮಾಳ ಇತ್ತು. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಬಿಡಬೇಕು ಅಂತ ಭೂ ಕಂದಾಯ ನಿಯಮದಲ್ಲೇ ಇದೆ. ಈಗ ನಮ್ಮ ಸುತ್ತಲಿನ ಎಷ್ಟೋ ಗೋಮಾಳ ಪಹಣಿಯಲ್ಲಿ ಮಾತ್ರ ಉಳಿದಿದೆ. ಒಂದಷ್ಟು ಮಂಜೂರಾಯಿತು, ಒಂದಷ್ಟು ಒತ್ತುವರಿ ಆಯಿತು, ಒಂದಷ್ಟಕ್ಕೆ ಜಾಲಿ ಕೂತಿತು. ಕುರಿ ಎಲ್ಲಿಗೆ ಹೋಗಬೇಕು?

ಅದಕ್ಕೆ ಪಂಚಾಯಿತಿ ಸದಸ್ಯರಿಗೆ ನನ್ನ ಕೋರಿಕೆ. ಜಿಂಕೆಗೆ ಹೊಲ ಬಿತ್ತಲು ದುಡ್ಡು ಹೊಂದಿಸುವ ಬದಲು, ಉಳಿದಿರುವ ಗೋಮಾಳದ ಜಾಲಿಯನ್ನು ಉದ್ಯೋಗ ಖಾತ್ರಿ ಕೆಲಸದಲ್ಲಿ ಬುಡ ಸಮೇತ ತೆಗೆಸಲು ಆಗುತ್ತದೆಯಾ ನೋಡಿ. ಅಲ್ಲಿ ಹುಲ್ಲು ಬಂದರೆ ಕುರಿಗೆ ಜಾಗ ಆಗುತ್ತದೆ, ಬಯಲಿನ ಮೇಲಿನ ಭಾರ ಇಳಿಯುತ್ತದೆ. ಕುರಿಗಳಿಗೆ ಹಿರೇಬೇನೆಯ ಲಸಿಕೆ ತಪ್ಪದೆ ಹಾಕಿಸುವುದೂ ಜಿಂಕೆಯ ಕೆಲಸವೇ. ಆ ರೋಗ ಕುರಿಯಿಂದ ಹುಲ್ಲೆಗೂ ದಾಟುತ್ತದೆ. ಒಂದೇ ತೊಟ್ಟಿಯಲ್ಲಿ ಎರಡೂ ನೀರು ಕುಡಿಯುವ ಜಾಗದಲ್ಲಿ ಇದನ್ನು ಮರೆಯುವಂತಿಲ್ಲ.

ಅರಣ್ಯ ಅಧಿಕಾರಿಗಳಿಗೆ ನನ್ನ ಕೋರಿಕೆ ಸ್ವಲ್ಪ ಉದ್ದ, ದಯವಿಟ್ಟು ಪೂರ್ತಿ ಓದಿ. ಸಂರಕ್ಷಣಾ ಮೀಸಲು ಅಂದರೆ ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು ಅಂತ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಅದರಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಯಿಂದ ಒಬ್ಬೊಬ್ಬರು. ಈ ಕಾನೂನು ಮಾಡಿದವರು ಯೋಚನೆ ಮಾಡಿದ್ದಾರೆ. ಹುಲ್ಲಿನ ಪ್ರಶ್ನೆಗೆ ಬೇಕಾದವರೆಲ್ಲ ಒಂದೇ ಮೇಜಿನ ಸುತ್ತ ಇದ್ದಾರೆ. ಆ ಮೇಜಿನ ಮೇಲೆ ಈ ವರ್ಷ ಬಿತ್ತನೆಯ ಬದಲು ಹುಲ್ಲಿನ ಯೋಜನೆ ಇಡಿ.

ನನ್ನ ಅನುಭವದಲ್ಲಿ ಹೇಳುವುದಾದರೆ, ಬಯಲನ್ನು ಮೂರು ಪಾಲು ಮಾಡಿಕೊಳ್ಳಬಹುದು. ಬೀಜ ಉದುರಿದ ಮೇಲೆ, ಅಂದರೆ ಸಂಕ್ರಾಂತಿ ಹೊತ್ತಿಗೆ, ಒಂದು ಪಾಲಿನ ಹುಲ್ಲನ್ನು ಮಾತ್ರ ಕುಡುಗೋಲಿನಲ್ಲಿ ಕೊಯ್ಯುವುದು. ಉಳಿದ ಎರಡು ಪಾಲು ಹಾಗೇ ನಿಲ್ಲಲಿ, ಮರಿಗೆ, ಗೌಜುಗಕ್ಕೆ ಮರೆ ಬೇಕು. ಮುಂದಿನ ವರ್ಷ ಇನ್ನೊಂದು ಪಾಲು. ಯಂತ್ರ ಬೇಡ. ಕೃಷ್ಣಮೃಗ ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕುತ್ತದೆ, ಬಗ್ಗಿ ಕೊಯ್ಯುವವರ ಕಣ್ಣಿಗೆ ಮರಿ ಬೀಳುತ್ತದೆ, ಯಂತ್ರಕ್ಕೆ ಬೀಳುವುದಿಲ್ಲ. ಕೊಯ್ದ ಹುಲ್ಲು ಸುತ್ತಲ ಊರಿನ ದನಗಳಿಗೆ ಬರಲಿ. ಹಿಂದೆ ಕಾವಲುಗಳಲ್ಲಿ ಹುಲ್ಲು ಹರಾಜು ಆಗುತ್ತಿತ್ತಲ್ಲ, ಹಾಗೆ. ತನ್ನ ಹಸುವಿಗೆ ಹುಲ್ಲು ಕೊಡುವ ಬಯಲಿಗೆ ಬೆಂಕಿ ಬೀಳದ ಹಾಗೆ ಊರೇ ನೋಡಿಕೊಳ್ಳುತ್ತದೆ. ಕೊಯ್ದ ಕಡೆ ಮೊದಲ ಮಳೆಗೆ ಬರುವ ಚಿಗುರು ಇದೆಯಲ್ಲ, ಅಷ್ಟು ಒಳ್ಳೆಯ ಮೇವು ಯಾವ ಬಿತ್ತನೆಯಿಂದಲೂ ಬರುವುದಿಲ್ಲ. "ಭರಣಿ ಮಳೆ ಬಂದರೆ ಧರಣಿ ಎಲ್ಲ ಬೆಳೆ" ಅಂತಾರೆ, ಜಿಂಕೆಗೂ ಆ ಮಾತು ಸಲ್ಲುತ್ತದೆ.

ನೀರು ಬೇಕು, ಅದು ನಿಜ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತುಂಬಿಸುವುದು ಒಳ್ಳೆಯ ಕೆಲಸ. ತೊಟ್ಟಿ ಆಳವಾಗಿ, ಗೋಡೆ ನೆಟ್ಟಗೆ ಇರುವುದು ಬೇಡ, ಮರಿ ಬಿದ್ದರೆ ಮೇಲೆ ಬರಲಾರದು. ತಟ್ಟೆಯ ಹಾಗೆ ಇಳಿಜಾರಾಗಿ, ನೆಲಮಟ್ಟದಲ್ಲಿ ಇರಲಿ. ರಸ್ತೆಯಿಂದ ದೂರ ಇರಲಿ. ಒಂದೇ ದೊಡ್ಡದರ ಬದಲು ನಾಲ್ಕಾರು ಸಣ್ಣವು, ಅಲ್ಲಲ್ಲಿ.

ಒಂದು ಮಾತು ಸೇರಿಸಬೇಕು. ಇದೆಲ್ಲ ಹೇಳಿದ್ದು ಕೃಷ್ಣಮೃಗಕ್ಕೆ. ನಮ್ಮ ಜಿಲ್ಲೆಯದೇ ಬುಕ್ಕಾಪಟ್ಟಣದಲ್ಲಿ ಚಿಂಕಾರ ಅನ್ನುವ ಇನ್ನೊಂದು ಬಗೆಯ ಹುಲ್ಲೆ ಇದೆ, 2019ರಲ್ಲಿ ಅದಕ್ಕೆ ಅಭಯಾರಣ್ಯವೂ ಆಯಿತು. ಚಿಂಕಾರಕ್ಕೆ ಕುರುಚಲು ಗಿಡದ ಎಲೆ, ಕಾಯಿ ಬೇಕು, ಬರೀ ಹುಲ್ಲು ಸಾಲದು. ಜಯಮಂಗಲಿ ನದಿ ಹುಟ್ಟುವ ದೇವರಾಯನದುರ್ಗದ ಕಾಡಿನ ಲೆಕ್ಕ ಮತ್ತೂ ಬೇರೆ. ಮೈದನಹಳ್ಳಿಗೆ ಆಗುವುದನ್ನು ಅಲ್ಲಿಗೆ ಹಾಕಬೇಡಿ, ಅಲ್ಲಿನದನ್ನು ಇಲ್ಲಿಗೆ ತರಬೇಡಿ.

ಬೆಂಗಳೂರಿನ ಗೆಳೆಯರೇ, ನೀವು ಬರುವುದು ನಮಗೆ ಖುಷಿ. ಕಾರು ರಸ್ತೆಯ ಮೇಲೇ ಇರಲಿ. ಟೈರು ಒಂದು ಸಲ ಹತ್ತಿದ ಹುಲ್ಲಿನ ಮೇಲೆ ಮುಂದಿನ ಹತ್ತು ಕಾರು ಅದೇ ಜಾಡಿನಲ್ಲಿ ಹೋಗುತ್ತವೆ, ಆ ಜಾಡು ವರ್ಷಗಟ್ಟಲೆ ಮಾಯುವುದಿಲ್ಲ. ಫೋಟೊಗಾಗಿ ಗಂಡು ಜಿಂಕೆಯನ್ನು ಓಡಿಸಬೇಡಿ. ಬೇಸಿಗೆಯ ಮಧ್ಯಾಹ್ನ ಒಂದು ಓಟಕ್ಕೆ ಅದು ಕಳೆದುಕೊಳ್ಳುವ ನೀರು ಮತ್ತೆ ಸಿಗುವುದು ಸಂಜೆಗೆ. ಜಿಂಕೆಗೆ ಏನಾದರೂ ಕೊಡಲೇಬೇಕು ಅನಿಸಿದರೆ ಮಳೆಗಾಲದಲ್ಲಿ ಒಂದು ಭಾನುವಾರ ಬನ್ನಿ. ಇಲಾಖೆ ಒಪ್ಪಿದರೆ ಎಲ್ಲ ಸೇರಿ ಹಿಕ್ಕೆ ಗುಡ್ಡೆಗಳ ಸುತ್ತಲಿನ ಜಾಲಿ ಸಸಿ ಕೀಳೋಣ. ಕೈಗೆ ದಪ್ಪ ಗ್ಲೌಸ್ ತನ್ನಿ, ಆ ವಯಸ್ಸಿಗೇ ಮುಳ್ಳು ಬಂದಿರುತ್ತದೆ.

ಹುಲ್ಲಿನ ಬೀಜ ಎಲ್ಲಿಂದ ತರೋಣ ಅಂತ ಕೇಳಬಹುದು. ಪೇಟೆಯಲ್ಲಿ ಸಿಗುವ ಬೀಜ ಬೇಡ. ಇಲ್ಲಿನ ಮಣ್ಣಿಗೆ ಒಗ್ಗಿದ ಬೀಜ ಇಲ್ಲೇ ಬದುಗಳ ಮೇಲೆ ಇದೆ. ಕಾರ್ತಿಕ ಕಳೆಯುವ ಹೊತ್ತಿಗೆ ತೆನೆ ಹಣ್ಣಾಗುತ್ತದೆ. ಬುಡದಿಂದ ತುದಿಗೆ ಕೈಯಲ್ಲಿ ಸವರಿದರೆ ಹಣ್ಣಾದ ಬೀಜ ಅಂಗೈಗೆ ಬರುತ್ತದೆ, ಹಸಿಯದು ಗಿಡದಲ್ಲೇ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಇಡಬೇಕು. ಆಗಷ್ಟೇ ಕಿತ್ತ ಬೀಜಕ್ಕಿಂತ ಐದಾರು ತಿಂಗಳು ಇಟ್ಟದ್ದು ಚೆನ್ನಾಗಿ ಹುಟ್ಟುತ್ತದೆ. ಮಳೆಗೆ ಮುಂಚೆ ಮರಳು, ಪುಡಿ ಗೊಬ್ಬರ ಬೆರೆಸಿ, ನೆಲವನ್ನು ಮುಳ್ಳಿನ ಕೊಂಬೆಯಿಂದ ಸ್ವಲ್ಪ ಗೀರಿ ಎರಚಿದರೆ ಸಾಕು. ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ.

ಹೋದ ವರ್ಷ ನನ್ನ ಬದುವಿನಿಂದಲೇ, ಮನೆಯವರು ಮಕ್ಕಳು ಸೇರಿ ನಾಲ್ಕು ಸಂಜೆಯಲ್ಲಿ ಒಂದು ಚೀಲ ಬೀಜ ಸವರಿದೆವು. ಅಟ್ಟದ ಮೇಲೆ ಇದೆ. ಜಾಲಿ ಕಿತ್ತ ಗುಂಡಿಗಳಿಗೆ ಹಾಕಲು ಇಲಾಖೆಗೆ ಅದನ್ನು ಹಾಗೇ ಕೊಡುತ್ತೇನೆ, ದುಡ್ಡು ಬೇಡ. ಈ ಕಾರ್ತಿಕಕ್ಕೆ ಇನ್ನೂ ಹತ್ತು ಮನೆಯವರು ಸವರಲು ಒಪ್ಪಿದ್ದಾರೆ, ಪಕ್ಕದ ಹೊಲದ ಅಕ್ಕ ಮೊದಲನೆಯವರು. ಸಮಿತಿಯ ಸಭೆ ಯಾವ ದಿನ ಅಂತ ಪಂಚಾಯಿತಿ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿ. ಚೀಲ ಹೊತ್ತುಕೊಂಡು ಬರುತ್ತೇನೆ.

ಇತಿ,
ಮಧುಗಿರಿ ತಾಲ್ಲೂಕಿನ ಒಬ್ಬ ರೈತ